ಸೊನ್ನೆಯ ಹೊಟ್ಟೆ

ನಾನು ಚಿಕ್ಕವಳಿದ್ದಾಗ ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ ಮನೆಯ ಬಾಗಿಲ ಮೇಲೆ ಕನ್ನಡದಲ್ಲಿ ಹೆಸರು ಬರೆಸಬೇಕೆಂದರೆ ಎರಡೇ ದಾರಿ. ಗಡಿ ದಾಟಿ ಸಂಕೇಶ್ವರಕ್ಕೆ ಹೋಗಿ ಅಲ್ಲಿಯ ಪೇಂಟರನನ್ನು ಹಿಡಿಯಬೇಕು, ಇಲ್ಲವೇ ನಮ್ಮೂರ ಪೇಂಟರ್ ಕಾಕಾನ ಮುಂದೆ ಕೂತು ಒಂದೊಂದೇ ಅಕ್ಷರ ತಿದ್ದಿ ತೋರಿಸಬೇಕು. ಕಾಕಾ ಮರಾಠಿಯವರು. ಮೆಣಸಿನಕಾಯಿ ಪೇಟೆಯಲ್ಲಿ ಅರ್ಧ ವ್ಯವಹಾರ ಕನ್ನಡದಲ್ಲೇ ನಡೆಯುವ ಊರಾದ್ದರಿಂದ ಅವರ ಮಾತಿನ ಕನ್ನಡ ನಮ್ಮಷ್ಟೇ ಸಲೀಸು. ಓದು-ಬರಹ ಮಾತ್ರ ಇಲ್ಲ. “ಕಾನಡಿ ಅಕ್ಷರಾ ನನಗ ಬರೂದಿಲ್ಲ ತಂಗಿ. ನೀ ಬರದು ಕೊಡು, ಚಿತ್ರಾ ಅಂತ ತಿಳದು ತಗೀತೀನಿ,” ಎನ್ನುತ್ತಿದ್ದರು. ಹಾಗೇ ತೆಗೆಯುತ್ತಿದ್ದರು ಕೂಡ. ಆದರೆ ಆ ಕೈ ಬೆಳೆದದ್ದು ಶಿರೋರೇಖೆಯ ಮೇಲೆ. ಚಪ್ಪಟೆ ಕುಂಚ ತಲೆಕಟ್ಟಿಗೆ ಬರುತ್ತಲೇ ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗಾಗುತ್ತಿತ್ತು. ನಮ್ಮ ಓಣಿಯ ಬಾಗಿಲುಗಳ ಮೇಲೆ ಕನ್ನಡ ಮರಾಠಿಯ ಅಂಗಿ ತೊಟ್ಟು ನಿಂತಿರುತ್ತಿತ್ತು.

ಶಾಲೆ ಮರಾಠಿ ಮಾಧ್ಯಮದ್ದು. ಕಾರ್ಯಾನುಭವದ ತಾಸಿನಲ್ಲಿ ಬಣ್ಣದ ಕಾಗದ ಮಡಚಿ, ಕತ್ತರಿಸಿ, ಪತಾಕೆ ಮಾಡುತ್ತಿದ್ದೆವು, ದೀಪಾವಳಿಯ ಆಕಾಶಬುಟ್ಟಿಗೆ ಬಾಲ ಅಂಟಿಸುತ್ತಿದ್ದೆವು. ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಯಲ್ಲಿ ರೇಖಾಗಣಿತದ ಜೊತೆ ಅಕ್ಷರಲೇಖನವೂ ಇರುತ್ತಿತ್ತು. ದೇವನಾಗರಿಯನ್ನು ಚೌಕದ ಲೆಕ್ಕದಲ್ಲಿ ಕೂರಿಸುವುದು, ದಪ್ಪ ಎಷ್ಟು, ಎರಡು ಅಕ್ಷರಗಳ ನಡುವಿನ ತೆರಪು ಎಷ್ಟು ಎಂದು ಅಳೆಯುವುದು, ಎಲ್ಲ ಅಲ್ಲೇ ಕಲಿತೆ. ಕನ್ನಡವನ್ನು ಹಾಗೆ ಅಳತೆಯಲ್ಲಿ ಕಲಿಸಿದವರಿಲ್ಲ. ಅವ್ವ ಅಂಕಲಿಪಿ ಹಿಡಿದು ಹೇಳಿಕೊಟ್ಟ ದುಂಡಕ್ಷರವೇ ನನ್ನ ಬಂಡವಾಳ.

ಕೊಲ್ಹಾಪುರದಲ್ಲಿ ಪೇಂಟರ್ ಎನ್ನುವುದು ಗೌರವದ ಮಾತು. ಬಡಗಿ ಮನೆತನದ ಬಾಬುರಾವ್ ಮೇಸ್ತ್ರಿ ನಾಟಕದ ಪರದೆ ಬರೆದು ಬಾಬುರಾವ್ ಪೇಂಟರ್ ಆದರು, ಸ್ವಂತ ಕ್ಯಾಮೆರಾ ಕಟ್ಟಿಸಿ 1920ರಲ್ಲಿ ‘ಸೈರಂಧ್ರಿ’ ಚಿತ್ರ ತೆಗೆದರು. ನಾನು ಕಾಲೇಜಿಗೆಂದು ಅಲ್ಲಿಗೆ ಹೋದಾಗಲೂ ಬ್ಯಾನರ್ ಬರೆಯುವವರು ಇದ್ದರು. ಅವರ ಪಕ್ಕದಲ್ಲೇ ರೇಡಿಯಂ ಅಂಗಡಿಗಳು ತಲೆ ಎತ್ತಿದ್ದವು. ಬೆಳಕು ಬಿದ್ದರೆ ಮಿನುಗುವ ಅಂಟುಹಾಳೆಗೆ ಆ ಸೀಮೆಯ ಹೆಸರೇ ರೇಡಿಯಂ. ‘ಎಂಎಚ್ 09’ ಎಂದು ಶುರುವಾಗುವ ನಂಬರ್ ಪ್ಲೇಟುಗಳು, ರಿಕ್ಷಾದ ಬೆನ್ನ ಮೇಲಿನ ತಾಯಿಯ ಆಶೀರ್ವಾದ, ಟ್ರಕ್ಕಿನ ಹುಲಿಯ ಕಣ್ಣು, ಎಲ್ಲ ಕೈಯಲ್ಲೇ ಕತ್ತರಿಸಿದವು. ಇಡೀ ಹಾಳೆಯನ್ನು ಪ್ಲೇಟಿಗೆ ಅಂಟಿಸಿ, ಸ್ಟೀಲ್ ಪಟ್ಟಿ ಹಿಡಿದು, ಕಟರ್ ಎಳೆದು, ಬೇಡದ್ದನ್ನು ಸುಲಿದು ತೆಗೆಯುತ್ತಿದ್ದರು.

ಆ ಕೈಗೆಲಸವನ್ನು ನಾನು ಹೊಗಳಲಾರೆ. ಬ್ಲೇಡು ಹಾಳೆಯ ಕೆಳಗಿನ ಬಣ್ಣವನ್ನೂ ಸೀಳುತ್ತಿತ್ತು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಷರದ ಅಂಚಿಗೇ ತುಕ್ಕು ಗೆರೆ ಎಳೆಯುತ್ತಿತ್ತು. ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗರ ಎಡಗೈ ಹೆಬ್ಬೆರಳು ನೋಡಿದರೆ ಸಾಕಾಗಿತ್ತು. ಸಂಜೆಯವರೆಗೆ ಬಗ್ಗಿ ಕೂತರೂ ಕೂಲಿ ಬಿಡಿ ಲೆಕ್ಕದ್ದು. ಅಂಗಡಿಗಳಿಗೆ ಹಾಳೆ ಕತ್ತರಿಸುವ ಯಂತ್ರ, ಪ್ಲಾಟರ್, ಬಂದಾಗ ಆ ಹುಡುಗರು ಅತ್ತದ್ದನ್ನು ನಾನು ನೋಡಲಿಲ್ಲ.

ಅಕ್ಕನನ್ನು ಕೊಟ್ಟದ್ದು ಇಚಲಕರಂಜಿಗೆ. ರಬಕವಿ ಕಡೆಯಿಂದ ಮಗ್ಗದ ಬೆನ್ನು ಹತ್ತಿ ಬಂದ ಮನೆತನ, ಮನೆಯಲ್ಲಿ ಕನ್ನಡ, ಮಗ್ಗದ ಶೆಡ್ಡಿನಲ್ಲಿ ಮರಾಠಿ. ಆ ಊರಿಗೆ ಮೊದಲ ಯಂತ್ರಮಗ್ಗ ಬಂದದ್ದು 1904ರಲ್ಲಿ, ಘೋರ್ಪಡೆ ಜಹಗೀರಿನ ಕಾಲದಲ್ಲಿ. ಅಲ್ಲಿ ನಾನು ಮೊದಲ ಸಲ ಜಕಾರ್ಡ್ ರಟ್ಟು ಹೊಡೆಯುವುದನ್ನು ಕಂಡೆ. ಸೀರೆಯ ಅಂಚಿನ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬುತ್ತಾರೆ. ಒಂದು ಸಾಲಿಗೆ ಒಂದು ರಟ್ಟು, ಒಂದು ರಟ್ಟಿಗೆ ಒಂದು ಹೊಕ್ಕು. ತೂತು ಇದ್ದಲ್ಲಿ ಸೂಜಿ ಒಳನುಗ್ಗಿ ಅದರ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ, ತೂತಿಲ್ಲದಿದ್ದರೆ ಎಳೆ ಕೆಳಗೇ ಉಳಿಯುತ್ತದೆ. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪು ಮರಳಿ ಮರಳಿ ಬರುತ್ತದೆ. ಆದ್ದರಿಂದ ಹೊಡೆದ ರಟ್ಟನ್ನು ಹೊಲಿದು ಸರ ಮಾಡುವ ಮೊದಲು ಬೆಳಕಿಗೆ ಹಿಡಿದು ಓದುವ ಒಬ್ಬರು ಇರಲೇಬೇಕಿತ್ತು. ಅವರಿಗೆ ಅಕ್ಷರ ಬಾರದಿದ್ದರೂ ನಡೆಯುತ್ತಿತ್ತು, ತೂತುಗಳನ್ನು ಓದಲು ಬರಬೇಕಿತ್ತು.

ಈಗ ಅಕ್ಕನ ಅಡುಗೆಮನೆಯ ಪಕ್ಕದ ಮೇಜಿನ ಮೇಲೆ ಹನ್ನೆರಡು ಇಂಚು ಅಗಲ ಕತ್ತರಿಸುವ ಪುಟ್ಟ ಯಂತ್ರವಿದೆ, ಸೊಸೆ ತರಿಸಿದ್ದು. ಅಮೆರಿಕದಲ್ಲಿ ಇಂಥ ಮನೆಯಂತ್ರಗಳು 2000ರ ದಶಕದ ನಡುವಿನಲ್ಲಿ ಜನಪ್ರಿಯವಾದವು. ಆಗಿನ ಕ್ರಿಕಟ್ ಎಂಬ ಯಂತ್ರಕ್ಕೆ ಕಾರ್ಟ್ರಿಜ್ ತೂರಿಸಬೇಕಿತ್ತು, ಅದರೊಳಗೆ ತುಂಬಿಟ್ಟ ಅಕ್ಷರ, ಆಕಾರಗಳೇ ಗತಿ. ಕಂಪ್ಯೂಟರಿನಲ್ಲಿ ನಾವೇ ಬಿಡಿಸಿದ ಗೆರೆಯನ್ನು ಕತ್ತರಿಸುವ ಯಂತ್ರಗಳು ಕೈಗೆಟುಕಿದ ಮೇಲೇ ನಮ್ಮಂಥವರಿಗೆ ಬಾಗಿಲು ತೆರೆಯಿತು. ಮೊದಲ ದಿನ ಅಕ್ಕನ ಗಂಡ, ಮಾಮಾ, ಅದನ್ನು ಬಹಳ ಹೊತ್ತು ನೋಡಿ, “ಇದು ನಮ್ಮ ಜಕಾರ್ಡಿನ ಉಲ್ಟಾ ಆತಲ್ಲ. ಅಲ್ಲಿ ರಟ್ಟು ಯಂತ್ರಕ್ಕ ಹೇಳತಿತ್ತು, ಇಲ್ಲಿ ಯಂತ್ರ ರಟ್ಟಿಗೆ ಹೇಳತೈತಿ,” ಎಂದರು. ನನಗೆ ಅದಕ್ಕಿಂತ ಚೆನ್ನಾಗಿ ವಿವರಿಸಲು ಬರುವುದಿಲ್ಲ.

ಊರಿನ ಹವೆ ಈ ಯಂತ್ರವನ್ನೂ ಬಿಟ್ಟಿಲ್ಲ. ಹಾಳೆ ಹಿಡಿದುಕೊಳ್ಳುವ ಅಂಟುಮ್ಯಾಟಿನ ಮೇಲೆ ಮಗ್ಗದ ಹತ್ತಿಧೂಳು ಕೂತು ಅಂಟು ಸಾಯುತ್ತದೆ, ತೊಳೆದು ನೆರಳಲ್ಲಿ ಒಣಗಿಸಬೇಕು. ಆಷಾಢದಲ್ಲಿ ಕಾಗದ ತೇವ ಕುಡಿದು ಮೆತ್ತಗಾಗಿ, ಬ್ಲೇಡು ಕತ್ತರಿಸುವ ಬದಲು ಹರಿಯುತ್ತದೆ. ನಡುವೆ ಕರೆಂಟು ಹೋದರೆ ಯಂತ್ರಕ್ಕೆ ತಾನು ಎಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ, ಆ ಹಾಳೆ ಹೋಯಿತು ಅಂತಲೇ ಲೆಕ್ಕ. ಬ್ಲೇಡಿನ ತುದಿ ಅದರ ನಟ್ಟನಡುವೆ ಇರುವುದಿಲ್ಲ, ಸುಮಾರು ಕಾಲು ಮಿಲಿಮೀಟರ್ ಹಿಂದೆ ಎಳೆದುಕೊಂಡು ಬರುತ್ತದೆ. ತಂತ್ರಾಂಶದಲ್ಲಿ ಆ ಅಂತರ ಸರಿಯಾಗಿ ಕೊಡದಿದ್ದರೆ ದೇವನಾಗರಿಯ ಮೂಲೆಗಳು ಮೊಂಡಾಗುತ್ತವೆ, ಕನ್ನಡದ ಸೊನ್ನೆಗಳು ಬಾಯಿ ಮುಚ್ಚುವುದಿಲ್ಲ.

ಎರಡು ಲಿಪಿಗಳನ್ನು ಒಂದೇ ಬ್ಲೇಡಿನಿಂದ ಕತ್ತರಿಸಿದಾಗ ಅವುಗಳ ಮೈಕಟ್ಟು ಕಣ್ಣಿಗೆ ಬಿತ್ತು. ಕಂಪ್ಯೂಟರಿನಲ್ಲಿ ಮರಾಠಿಯ ಪ್ರತಿ ಅಕ್ಷರದ ಶಿರೋರೇಖೆ ಪಕ್ಕದ ಅಕ್ಷರದ ಮೇಲೆ ತುಸು ಹತ್ತಿ ಕೂತಿರುತ್ತದೆ. ಗೆರೆಗಳನ್ನು ಬೆಸೆಯದೆ ಕಳುಹಿಸಿದರೆ ಬ್ಲೇಡು ಪ್ರತಿ ಸಂದಿಯಲ್ಲೂ ಸೀಳಿ ಪದ ಚೂರುಚೂರಾಗುತ್ತದೆ. ಬೆಸೆದರೆ ಮಾತ್ರ ಇಡೀ ಹೆಸರು ಒಂದೇ ತುಂಡಾಗಿ ಎದ್ದು ಬರುತ್ತದೆ. ಕನ್ನಡಕ್ಕೆ ಆ ಸೌಕರ್ಯವಿಲ್ಲ. ಅಕ್ಷರ ಅಕ್ಷರವೂ ಬೇರೆ, ಕೆಳಗಿನ ಒತ್ತೂ ಎಷ್ಟೋ ಸಲ ಬೇರೆ, ದೀರ್ಘವೂ ಬೇರೆ. ವಿನೈಲ್ ಆದರೆ ಬೇಡದ್ದನ್ನು ಕೊಕ್ಕೆಯಿಂದ ಕಿತ್ತು, ಉಳಿದದ್ದರ ಮೇಲೆ ಅಂಟುಟೇಪು ಒತ್ತಿ, ಎಲ್ಲವನ್ನೂ ಇದ್ದ ಜಾಗದಲ್ಲೇ ಎತ್ತಿ ಗೋಡೆಗೆ ಇಳಿಸಬಹುದು. ಕಾಗದವಾದರೆ ಅಡಿಯಲ್ಲಿ ಒಂದು ಪಟ್ಟಿ ಕೊಟ್ಟು ಅಕ್ಷರಗಳನ್ನು ಅದರ ಮೇಲೆ ನಿಲ್ಲಿಸಬೇಕು. ರಂಗೋಲಿಗೆ ಕೊರೆದ ಹಾಳೆ ಬೇಕೆಂದರೆ ಇನ್ನೊಂದು ಫಜೀತಿ: ಸೊನ್ನೆಯ ಹೊಟ್ಟೆಯೊಳಗಿನ ಚೂರು ಉದುರಿಹೋಗುತ್ತದೆ, ರ ಮತ್ತು ಠ ಕೂಡ ಹಾಗೇ. ಅವನ್ನು ಹಿಡಿದುಕೊಳ್ಳಲು ಅಕ್ಷರದ ಮೈಯಲ್ಲಿ ಸಣ್ಣ ಸೇತುವೆ ಬಿಡಬೇಕು. ಎಲ್ಲಿ ಬಿಟ್ಟರೆ ಓದು ಕೆಡುವುದಿಲ್ಲ ಎನ್ನುವುದು ಓದುವವರಿಗೇ ಗೊತ್ತು.

ನನ್ನ ಕಳಕಳಿ ಇರುವುದು ಇಲ್ಲಿ. ಗಡಹಿಂಗ್ಲಜದ ನಮ್ಮ ಮನೆಗಳ ಮಕ್ಕಳು ಕನ್ನಡ ಮಾತಾಡುತ್ತಾರೆ, ಬಹುಪಾಲಿಗೆ ಓದಲು ಬರುವುದಿಲ್ಲ. ಬಾಗಿಲಿಗೆ ‘ಲಕ್ಷ್ಮೀ ನಿವಾಸ’ ಬೇಕೆಂದರೆ ಫೋನಿನಲ್ಲಿ ಹುಡುಕಿ ತಂದು ಯಂತ್ರಕ್ಕೆ ಕೊಡುತ್ತಾರೆ. ಯೂನಿಕೋಡ್ ಜೋಡಣೆ ಅರಿಯದ ತಂತ್ರಾಂಶದಲ್ಲಿ ಒತ್ತುಗಳು ಕೆಳಗಿಳಿಯದೆ ‘ಲಕ್‌ಷ್‌ಮೀ’ ಎಂದು ಸಾಲಾಗಿ ನಿಲ್ಲುತ್ತವೆ. ಪೇಂಟರ್ ಕಾಕಾನ ಕುಂಚ ತಪ್ಪಿದರೆ ತಪ್ಪು ಎಂದು ಕಾಣುತ್ತಿತ್ತು. ಬ್ಲೇಡು ಕತ್ತರಿಸಿದ ತಪ್ಪು ಎಷ್ಟು ನಯವಾಗಿರುತ್ತದೆಂದರೆ ಅದೇ ಸರಿ ಎಂದು ಮಕ್ಕಳು ನಂಬುತ್ತಾರೆ. ಹಾಗಾಗಿ ಬಂಧುಗಳಿಗೆ ಹೇಳಿಟ್ಟಿದ್ದೇನೆ: ಕತ್ತರಿಸುವ ಮೊದಲು ಹಾಳೆಯ ಚಿತ್ರ ವಾಟ್ಸಾಪಿನಲ್ಲಿ ಕಳಿಸಿ. ರಟ್ಟು ಓದುವವರ ಕೆಲಸವನ್ನು ನಾನು ಈಗ ಮಾಡುತ್ತಿದ್ದೇನೆ, ಸಂತೋಷದಿಂದಲೇ ಮಾಡುತ್ತಿದ್ದೇನೆ.

ಇಷ್ಟಿದ್ದರೂ ಯಂತ್ರ ಬಂದದ್ದು ಒಳ್ಳೆಯದೇ ಆಯಿತು. ಮಹಾರಾಷ್ಟ್ರದಲ್ಲಿ ಅಂಗಡಿಯ ಬೋರ್ಡಿನಲ್ಲಿ ಮರಾಠಿ ಇರಲೇಬೇಕು, 2022ರ ತಿದ್ದುಪಡಿ ಸಣ್ಣ ಅಂಗಡಿಗಳನ್ನೂ ಅದರೊಳಗೆ ತಂದಿತು. ಅದು ಆ ರಾಜ್ಯದ ನ್ಯಾಯ, ನನಗೆ ತಕರಾರಿಲ್ಲ. ಹಾಗಾದರೆ ಅಲ್ಲಿ ಕನ್ನಡಕ್ಕೆ ಉಳಿದ ಜಾಗ ಮನೆಯೇ: ಬಾಗಿಲ ಹೆಸರು, ಬಸವ ಜಯಂತಿಯ ತೋರಣ, ತೊಟ್ಟಿಲಿನ ಮೇಲಿನ ಕೂಸಿನ ಹೆಸರು, ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕೊಡುವ ಎಳ್ಳುಬೆಲ್ಲದ ಕಾಗದದ ಡಬ್ಬಿ. ಅಲ್ಲಿಗೆ ಬೇಕಾದದ್ದನ್ನು ಅಕ್ಕನ ಸೊಸೆ ಒಂದು ಮಧ್ಯಾಹ್ನದಲ್ಲಿ ಕತ್ತರಿಸಿ ಕೊಡುತ್ತಾಳೆ. ಸಂಕೇಶ್ವರಕ್ಕೆ ಬಸ್ಸು ಹತ್ತಬೇಕಿಲ್ಲ. 2018ರ ಮಾರ್ಚಿನಲ್ಲಿ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆ ಅಲಂಕಾರದ ಥರ್ಮಾಕೋಲನ್ನೂ ನಿಷೇಧಿಸಿದ ಮೇಲೆ ಗಣಪತಿ ಕೂರಿಸುವ ಮಖರಕ್ಕೂ ಕಾಗದವೇ ಬಂದಿದೆ.

ಕೈಕೆಲಸದವರ ಪಾಡು ಬೇರೆಯೇ. ಬ್ಯಾನರಿನ ಕೆಲಸ ಫ್ಲೆಕ್ಸ್ ಬಂದಾಗಲೇ ಮುಗಿದಿತ್ತು. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಕಡ್ಡಾಯವಾಗಿ ರೇಡಿಯಂ ಅಂಗಡಿಗಳ ದೊಡ್ಡ ಆದಾಯವೂ ಹೋಯಿತು. ಫುಟ್ಬಾಲಿನ ಹುಚ್ಚಿನ ಗಡಹಿಂಗ್ಲಜದಲ್ಲಿ ನನಗೆ ಗೊತ್ತಿರುವ ಒಬ್ಬರು ಈಗ ಜರ್ಸಿಗಳ ಮೇಲೆ ಅಂಕಿ ಒತ್ತಿಕೊಡುತ್ತಾರೆ. ಬಿಸಿಗೆ ಅಂಟುವ ಆ ವಿನೈಲನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕತ್ತರಿಸಬೇಕು. ಕೈಯಲ್ಲಿ ಉಲ್ಟಾ ಅಕ್ಷರ ತೆಗೆದ ಅಭ್ಯಾಸ ಅವರಿಗೆ ಅಲ್ಲಿ ಉಪಯೋಗಕ್ಕೆ ಬಂದಿದೆ.

ಫಾಂಟುಗಳಿಂದ ಕತ್ತರಿಸಿದ ಕನ್ನಡವೆಲ್ಲ ಒಂದೇ ಮುಖದ್ದು ಎನಿಸತೊಡಗಿದ ಮೇಲೆ ಅವ್ವನ ದುಂಡಕ್ಷರದ ಹಳೆಯ ಲೆಕ್ಕದ ಪುಸ್ತಕ ತೆಗೆದಿದ್ದೇನೆ. ಅದರ ಅಕ್ಷರಗಳನ್ನು ಸ್ಕ್ಯಾನ್ ಮಾಡಿ, ಗೆರೆಗೆ ತಿರುಗಿಸಿ, ರಂಗೋಲಿ ಹಾಳೆಗೆ ಒಗ್ಗುವಂತೆ ಸೇತುವೆ ಕೂರಿಸುತ್ತಿದ್ದೇನೆ. ಸ್ವರಗಳು ಮುಗಿದಿವೆ, ವ್ಯಂಜನಗಳೂ ಬಹುತೇಕ ಆದವು. ಕ್ಷ್ಮೀ ಮಾತ್ರ ಕೈಗೆ ಸಿಕ್ಕಿಲ್ಲ. ಷ ಒತ್ತಿನ ಬೆನ್ನಿಗೆ ಮ ಒತ್ತು ಬಂದಾಗ ಎರಡರ ನಡುವೆ ಉಳಿಯುವ ಕಾಗದ ಎಳೆಯಷ್ಟೇ ಆಗಿ ಮ್ಯಾಟಿನಿಂದ ಬಿಡಿಸುವಾಗ ಹರಿಯುತ್ತದೆ. ಲಕ್ಷ್ಮೀಪೂಜೆಯ ಶ್ರಾವಣ ಶುಕ್ರವಾರಗಳ ಒಳಗೆ ಅಕ್ಷರವನ್ನೇ ಅಂಗೈಯಷ್ಟು ದೊಡ್ಡದು ಮಾಡಿ, ದಪ್ಪ ಕಾರ್ಡ್‌ಶೀಟಿನ ಮೇಲೆ ನೋಡಬೇಕು.