ಉಣುಗಿನ ಕಾಲದ ದಿನಚರಿ

ಡಿಸೆಂಬರ್ 6, 2023, ಬುಧವಾರ

ಉಣುಗಿನ ಕಾಲ ಶುರುವಾಯಿತು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ನಮ್ಮ ಮಲೆನಾಡಿನಲ್ಲಿ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಕಾಡುತ್ತದೆ. ಇವತ್ತು ಅಂಗನವಾಡಿಯಲ್ಲಿ ಸಭೆ ಇತ್ತು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಚೀಲದಿಂದ ತೆಗೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಸಿಸ್ಟರ್, ಈ ವರ್ಷನೂ ಇಂಜೆಕ್ಷನ್ ಇಲ್ವಾ?"

ಸುತ್ತಿ ಬಳಸಿ ಹೇಳುವ ಮನಸ್ಸಾಗಲಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿರಲಿಲ್ಲ, ಅದಕ್ಕೇ 2022ರಲ್ಲಿ ನಿಲ್ಲಿಸಿದರು, ಹೊಸದು ಇನ್ನೂ ಬಂದಿಲ್ಲ ಎಂದೆ. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರಿನ ಮೇಲೆ ಬೂಸ್ಟರು, ಪ್ರತಿ ಸಲವೂ ತೋಳು ನೋವು. ಅಷ್ಟನ್ನೂ ಸಹಿಸಿದವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದು. ಎಲ್ಲರ ಮಾತು ಮುಗಿಯುವ ತನಕ ಕೂತು ಕೇಳಿದೆ. ಕಡೆಗೆ ಪ್ರಶ್ನೆ ಎತ್ತಿದವರೇ "ಹಂಗಾದ್ರೆ ಈಗ ನಾವೇನು ಮಾಡ್ಬೇಕು, ಅದನ್ನ ಹೇಳಿ" ಎಂದರು. ಎಣ್ಣೆಯ ವಿಷಯ ಆಗ ತೆಗೆದೆ. ಗಮನವಿಟ್ಟು ಕೇಳಿದರು.

ಜನವರಿ 11, 2024, ಗುರುವಾರ

ಬೆಳಿಗ್ಗೆ ಆಶಾ ಕಾರ್ಯಕರ್ತೆಯ ಫೋನು. ಹಾಡಿಯ ಅಂಚಿನಲ್ಲಿ ಮಂಗ ಸತ್ತು ಬಿದ್ದಿದೆ, ಊರಿನವರು ಹಾರ ತಂದಿದ್ದಾರೆ ಎಂದಳು. ಆಂಜನೇಯನ ಸ್ವರೂಪ, ಹಾಗೇ ಬಿಡುವುದು ಹೇಗೆ? ಹೊತ್ತೊಯ್ದು ಮಣ್ಣು ಮಾಡುವ ತಯಾರಿ ನಡೆದಿತ್ತು.

ಅಲ್ಲಿದ್ದ ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು, ಇದ್ದ ಸಂಗತಿಯನ್ನಷ್ಟೇ ಹೇಳಿದೆ. ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ರಕ್ತ ಹೀರುತ್ತಿದ್ದ ಉಣುಗುಗಳು ಮೈಬಿಟ್ಟು ಕೆಳಗೆ ಉದುರುತ್ತವೆ, ಅಲ್ಲೇ ತರಗೆಲೆಯಲ್ಲಿ ಕಾಯುತ್ತವೆ. ಹೆಣ ಮುಟ್ಟಿದವನಿಗೆ ಮಾತ್ರವಲ್ಲ, ಆ ಜಾಗದಲ್ಲಿ ನಿಂತವನಿಗೂ ಅಪಾಯ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಪೂಜೆ ದೂರದಿಂದ ಮಾಡಿದ್ರೂ ದೇವರಿಗೆ ಮುಟ್ಟುತ್ತೆ. ಸುಡೋ ಮುಂಚೆ ನಮಗೆ ಕೈಮುಗಿಯಕ್ಕೆ ಬಿಡ್ಬೇಕು" ಎಂದರು. ರಸ್ತೆಯ ಮೇಲೆಯೇ ಊದುಬತ್ತಿ ಹಚ್ಚಿ, ಕಾಯಿ ಒಡೆದರು. ಪಶುವೈದ್ಯರು ಮಾದರಿ ತೆಗೆದರು, ಅರಣ್ಯ ಇಲಾಖೆಯವರು ಹೆಣ ಸುಟ್ಟರು, ಸುತ್ತಲೂ ಮೆಲಾಥಿಯಾನ್ ಪುಡಿ ಎರಚಿದ್ದಾಯಿತು. ಆ ಕಡೆಗೆ ದನ ಬಿಡಬಾರದು ಎಂದು ಹುಡುಗರು ತಾವಾಗಿಯೇ ಬೇಲಿಗೆ ಕೆಂಪು ಬಟ್ಟೆ ಕಟ್ಟಿದರು.

ಜನವರಿ 29, ಸೋಮವಾರ

ಮಂಗನ ಕಾಯಿಲೆಯ ಕರಪತ್ರದ ಮೊದಲ ಸಾಲು: ಕಾಡಿಗೆ ಹೋಗಬೇಡಿ. ಓದಿದ ಹೆಂಗಸರು ನನ್ನನ್ನೇ ಕೇಳಿದರು: "ದರಕು ತರದೆ ದನದ ಕಾಲಡಿಗೆ ಏನು ಹಾಕದು ಸಿಸ್ಟರ್? ತೋಟಕ್ಕೆ ಗೊಬ್ಬರ ಎಲ್ಲಿಂದ ಬರ್ತದೆ?" ದರಕು, ಅಂದರೆ ಒಣಗಿದ ಎಲೆ, ಉದುರುವ ತಿಂಗಳುಗಳಲ್ಲೇ ಉಣುಗಿನ ಮರಿಗಳೂ ನೆಲದ ಮೇಲೆ ಹೆಚ್ಚು. ಕಚ್ಚುವುದು ಬಹುಮಟ್ಟಿಗೆ ಈ ಮರಿಗಳೇ. ತೀರಾ ಸಣ್ಣವು, ಕಚ್ಚಿದ್ದೂ ತಿಳಿಯುವುದಿಲ್ಲ.

ಅವರ ದಿನವನ್ನು ಗಂಟೆ ಗಂಟೆಯಂತೆ ಹೇಳಿಸಿದೆ. ಬೆಳಿಗ್ಗೆ ಡೇರಿಗೆ ಹಾಲು, ಆಮೇಲೆ ದರಕಿಗೆ ಬೆಟ್ಟ, ಸಂಜೆ ಅದೇ ಬಟ್ಟೆಯಲ್ಲಿ ಕೊಟ್ಟಿಗೆ ಕೆಲಸ, ಹಾಲು ಕರೆಯುವುದು, ಅಡುಗೆ. ಸ್ನಾನ ಎಲ್ಲಕ್ಕಿಂತ ಕೊನೆಗೆ. ಅಷ್ಟೂ ಹೊತ್ತು ಉಣುಗು ಸೀರೆಯ ನೆರಿಗೆಯಲ್ಲೇ ಇರುತ್ತದೆ. ತೀರ್ಮಾನವನ್ನು ಅವರೇ ಮಾಡಿದರು. ಎಣ್ಣೆ ಬಾಟಲಿ ಆಸ್ಪತ್ರೆಯಲ್ಲಿ ಬೇಡ, ಡೇರಿಯ ಕಿಟಕಿಯಲ್ಲಿರಲಿ, ಹಾಲು ಹಾಕಿದ ಕೂಡಲೇ ಕೈಕಾಲಿಗೆ ಹಚ್ಚಿಕೊಳ್ಳುತ್ತೇವೆ. ಮಂಗ ಸತ್ತ ಕಡೆ ದರಕು ಗುಡಿಸುವುದಿಲ್ಲ. ಬೆಟ್ಟದಿಂದ ಬಂದವರಿಗೆ ಮೊದಲು ಹಂಡೆಯ ಬಿಸಿನೀರು, ಸೋಪು, ಬಟ್ಟೆ ಬಿಸಿನೀರಿಗೆ, ಆಮೇಲೆ ಕೊಟ್ಟಿಗೆ. ಮನೆಯಲ್ಲಿದ್ದವರು ಅಷ್ಟರೊಳಗೆ ಹಾಲು ಕರೆಯಬೇಕು. ಈ ಕೊನೆಯ ಮಾತನ್ನು ಗಂಡಸರ ಎದುರೇ ಜೋರಾಗಿ ಹೇಳಿದರು.

ಫೆಬ್ರವರಿ 16, ಶುಕ್ರವಾರ

ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಪ್ರಕರಣ ಬಂದ ಸುದ್ದಿಯಿಂದ ಎಲ್ಲರಲ್ಲೂ ಅಂಜಿಕೆ. ಕೂಲಿಗೆ ಬಂದವರೊಬ್ಬರಿಗೆ ಎರಡು ದಿನದಿಂದ ಜ್ವರ, ತಲೆನೋವು, ಸೊಂಟ ಹಿಡಿದ ಹಾಗೆ ನೋವು, ಕಣ್ಣು ಕೆಂಪು. ಮನೆಯವರು ಬಾಯಿ ಬಿಟ್ಟಿರಲಿಲ್ಲ. ಮುಂದಿನ ವಾರ ಮಗಳ ನಿಶ್ಚಿತಾರ್ಥ, ಬೀಗರು ಬರುವುದಿಲ್ಲ ಎಂಬ ಭಯ. ಕೊರೋನಾ ಕಂಡ ಜನ; ಜ್ವರ ಎಂದರೆ ಮೈಗೆ ಮೈ ತಗುಲಿ ಹರಡುತ್ತದೆ ಎಂದೇ ಎಣಿಸುತ್ತಾರೆ.

ಒಳಗೆ ಹೋಗಿ ಅವರ ಮಂಚದ ಪಕ್ಕ ಕೂತೆ, ಕೊಟ್ಟ ಚಹಾ ಕುಡಿದೆ, ಬಾಗಿಲಲ್ಲಿ ನಿಂತ ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದೆ: ಇದು ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ಇದಕ್ಕೆಂದೇ ಔಷಧಿ ಇಲ್ಲ ನಿಜ, ಆದರೆ ಬೇಗ ದಾಖಲಾದರೆ ನೀರಿನಂಶ, ರಕ್ತಸ್ರಾವ ನೋಡಿಕೊಳ್ಳಬಹುದು, ಜೀವ ಉಳಿಸಬಹುದು. ರಕ್ತದ ಮಾದರಿ ಶಿವಮೊಗ್ಗಕ್ಕೆ ಹೋಯಿತು, ಅವರು ಆಸ್ಪತ್ರೆಗೆ ಹೋದರು. ಸಂಜೆ ಪಕ್ಕದ ಮನೆಯವರೇ ಮಕ್ಕಳಿಗೆ ಊಟ ತಂದುಕೊಟ್ಟರು.

ಮಾರ್ಚ್ 5, ಮಂಗಳವಾರ

ಜ್ವರದಿಂದ ಆಸ್ಪತ್ರೆ ಸೇರಿದ್ದ ಕೂಲಿಯವರು ಗುಣವಾಗಿ ಮನೆಗೆ ಬಂದಿದ್ದಾರೆ. ಜ್ವರ ಬಿಟ್ಟು ಒಂದೆರಡು ವಾರದಲ್ಲಿ ಕೆಲವರಿಗೆ ಮತ್ತೆ ಮರುಕಳಿಸಿ ಮಿದುಳಿಗೆ ತೊಂದರೆ ಕೊಡುವುದುಂಟು. ತಲೆನೋವು, ನಡುಕ, ಕಣ್ಣು ಮಂಜು ಕಂಡರೆ ತಡಮಾಡಬೇಡಿ ಎಂದು ಅವರ ಹೆಂಡತಿಗೆ ಹೇಳಿ ಬಂದೆ.

ಇವತ್ತು ಮತ್ತೊಂದು ಸತ್ತ ಮಂಗನ ಸುದ್ದಿ ಹತ್ತನೇ ಕ್ಲಾಸಿನ ಹುಡುಗನಿಂದ ಬಂತು. ಯಾರೂ ಹತ್ತಿರ ಹೋಗಿರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ವೈರಸ್ ಪತ್ತೆಯಾದಾಗಲೂ ಮುನ್ಸೂಚನೆ ಕೊಟ್ಟದ್ದು ಸಾಯುತ್ತಿದ್ದ ಮಂಗಗಳೇ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಎಷ್ಟೊಂದು ಜೀವ ಕಳೆದುಕೊಂಡಿತು. ಆ ಸಾವುಗಳನ್ನು ಮರೆಯಲಾರೆ. ಸತ್ತ ಮಂಗ ಮೊದಲು ಕಾಣುವುದು ಯಾವತ್ತೂ ಊರಿನವರ ಕಣ್ಣಿಗೆ.

ಒಂದು ಕೊರಗು ಉಳಿದಿದೆ. ಜನವರಿಯಲ್ಲಿ ಸತ್ತ ಮಂಗನ ಮಾದರಿಯಲ್ಲಿ ಏನು ಬಂತು ಎಂದು ಅಜ್ಜ ಇವತ್ತೂ ಕೇಳಿದರು. ಊರಿಗೆ ಇನ್ನೂ ಯಾರೂ ತಿಳಿಸಿಲ್ಲ. ಸುದ್ದಿ ಕೊಟ್ಟವರಿಗೆ ಫಲಿತಾಂಶ ಹೇಳದಿದ್ದರೆ ಮುಂದಿನ ಸಲ ಅವರು ಫೋನು ಯಾಕೆ ಮಾಡಬೇಕು? ನಾಳೆ ತಾಲ್ಲೂಕಿನ ಸಭೆಯಲ್ಲಿ ಎರಡೇ ಬೇಡಿಕೆ ಇಡುತ್ತೇನೆ. ಪರೀಕ್ಷೆಯ ಫಲಿತಾಂಶ, ಏನೇ ಇರಲಿ, ಡೇರಿಯ ಬೋರ್ಡಿನ ಮೇಲೆ ಬರೆಯಬೇಕು. ಮುಂದಿನ ವರ್ಷದ ಕರಪತ್ರ ಅಚ್ಚಿಗೆ ಹೋಗುವ ಮೊದಲು ದರಕು ಗುಡಿಸುವ ಹೆಂಗಸರಿಗೆ ಓದಿ ಹೇಳಬೇಕು, ಅವರು ತಿದ್ದಿದ್ದನ್ನು ತಿದ್ದಲೇಬೇಕು.