ನ್ಯೂರ್ಬುರ್ಗ್ ಬೆಟ್ಟದ ದಾರಿ

ಜರ್ಮನಿ ದೇಶದ ಪಶ್ಚಿಮದ ಅಂಚಿನಲ್ಲಿ, ರೈನ್ ನದಿಗೂ ಬೆಲ್ಜಿಯಂ ದೇಶದ ಗಡಿಗೂ ನಡುವೆ, ಐಫೆಲ್ ಎಂಬ ಗುಡ್ಡಗಾಡು ಸೀಮೆಯೊಂದುಂಟು. ಹಿಂದೊಂದು ಕಾಲದಲ್ಲಿ ಬೆಂಕಿಯನ್ನುಗುಳುತ್ತಿದ್ದ ಗುಡ್ಡಗಳು ಈಗ ಬೀಚ್ ಮರಗಳ ಕಾಡನ್ನು ಹೊದ್ದುಕೊಂಡು ತಣ್ಣಗೆ ಕುಳಿತಿವೆ. ಇವುಗಳಲ್ಲೆಲ್ಲ ಎತ್ತರವಾದುದು ಹೋಹೆ ಆಖ್ಟ್; ಅದರ ಎತ್ತರ 747 ಮೀಟರು. ನೆಲ ಬಡವಾದುದು, ಚಳಿ ಬಹಳ. ಪ್ರಷ್ಯ ರಾಜ್ಯದ ಕಾಲದಲ್ಲಿ ಇದಕ್ಕೆ ಪ್ರಷ್ಯದ ಸೈಬೀರಿಯವೆಂಬ ಅಡ್ಡಹೆಸರಿತ್ತು.

ಈ ಸೀಮೆಯ ನಡುವೆ ಕರಿಗಲ್ಲಿನ ಗುಡ್ಡವೊಂದರ ನೆತ್ತಿಯಲ್ಲಿ ನ್ಯೂರ್ಬುರ್ಗ್ ಎಂಬ ಕೋಟೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದುದು. 1689ರಲ್ಲಿ ಫ್ರೆಂಚರ ಸೈನ್ಯ ಅದನ್ನು ಹಾಳುಮಾಡಿತು. ಉಳಿದಿರುವ ಗೋಪುರವನ್ನೇರಿ ನೋಡಿದರೆ, ಕೆಳಗಣ ಕಾಡಿನಲ್ಲಿ ಬೂದುಬಣ್ಣದ ದಾರಿಯೊಂದು ಅಲ್ಲಲ್ಲಿ ತಲೆಯೆತ್ತಿ ಮತ್ತೆ ಮರೆಯಾಗುವುದು ಕಾಣುತ್ತದೆ. ಅದು ಯಾವ ಊರಿಗೂ ಹೋಗುವ ದಾರಿಯಲ್ಲ. ಹೊರಟಲ್ಲಿಗೇ ಬಂದು ಸೇರುವ ದಾರಿ. ನ್ಯೂರ್ಬುರ್ಗ್‌ರಿಂಗ್ ಎಂದು ಲೋಕಪ್ರಸಿದ್ಧವಾದ ಮೋಟಾರು ಪಂದ್ಯದ ಕಣ ಅದೇ.

ಮೊದಲನೆಯ ಮಹಾಯುದ್ಧದ ತರುವಾಯ ಈ ಪ್ರಾಂತದ ಜನಕ್ಕೆ ಕೆಲಸವಿಲ್ಲದೆ ಹೋಯಿತು. ಅವರಿಗೆ ಕೂಲಿ ಒದಗಿಸುವ ಸಲುವಾಗಿ 1925ರಲ್ಲಿ ಸರ್ಕಾರದ ನೆರವಿನಿಂದ ದಾರಿಯ ಕೆಲಸವನ್ನು ಆರಂಭಿಸಿ, 1927ರ ಜೂನ್ ತಿಂಗಳಲ್ಲಿ ತೆರೆದರು. ಕಾರುಗಳ ಮೊದಲ ಪಂದ್ಯವನ್ನು ಗೆದ್ದವನು ರುಡಾಲ್ಫ್ ಕರಚ್ಚಿಯೋಲ. ಉತ್ತರದ ಸುತ್ತು 20.8 ಕಿಲೋಮೀಟರು, ಎಂದರೆ ಹದಿಮೂರು ಮೈಲಿ. ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 300 ಮೀಟರು ವ್ಯತ್ಯಾಸ. ತಗ್ಗಿನಲ್ಲಿ ಬಿಸಿಲು ಹೊಳೆಯುತ್ತಿರುವಾಗಲೇ ನೆತ್ತಿಯಲ್ಲಿ ಮಳೆ ಸುರಿಯುತ್ತಿರಬಹುದು. ಸ್ಕಾಟ್ಲೆಂಡಿನ ಪಂದ್ಯಗಾರ ಜಾಕಿ ಸ್ಟುವರ್ಟ್ ಇದನ್ನು ‘ಹಸಿರು ನರಕ’ವೆಂದು ಕರೆದುದು ಸುಮ್ಮನೆ ಅಲ್ಲ. 1976ರ ಆಗಸ್ಟ್ 1ರಂದು ಆಸ್ಟ್ರಿಯದ ನಿಕಿ ಲೌಡಾನ ಕಾರು ಇಲ್ಲಿಯ ಬೆರ್ಗ್‌ವೆರ್ಕ್ ತಿರುವಿನ ಸಮೀಪ ತಡೆಗೆ ಬಡಿದು ಹೊತ್ತಿಕೊಂಡಿತು. ಹಿಂದಿನಿಂದ ಬಂದ ಪಂದ್ಯಗಾರರೇ ಕಾರು ನಿಲ್ಲಿಸಿ ಅವನನ್ನು ಉರಿಯಿಂದ ಎಳೆದು ಉಳಿಸಿದರು. ಆ ವರ್ಷದ ಅನಂತರ ಫಾರ್ಮುಲಾ ಒನ್ ಪಂದ್ಯ ಈ ಹಳೆಯ ಸುತ್ತಿನಲ್ಲಿ ನಡೆಯಲಿಲ್ಲ.

ವಾಚಕರಿಗೆ ಆಶ್ಚರ್ಯವಾಗತಕ್ಕ ಸಂಗತಿಯೆಂದರೆ, ಪಂದ್ಯವಿಲ್ಲದ ದಿನಗಳಲ್ಲಿ ಸುಂಕ ತೆತ್ತು ಯಾರು ಬೇಕಾದರೂ ತಮ್ಮ ಕಾರನ್ನು ಇಲ್ಲಿ ಓಡಿಸಬಹುದು. ಆಗ ಇದು ಕಾನೂನಿನ ದೃಷ್ಟಿಯಲ್ಲಿ ಏಕಮುಖ ಸಂಚಾರದ ಸುಂಕದ ರಸ್ತೆ, ಅಷ್ಟೆ. ಎಡಗಡೆಯಿಂದಲೇ ಮುಂದೆ ಹೋಗಬೇಕು. ದಡದ ಕಬ್ಬಿಣದ ತಡೆಗೆ ಬಡಿದರೆ ಅದರ ಬೆಲೆಯನ್ನೂ ತೆರಬೇಕು. ಪ್ರಾಣದ ಬೆಲೆಯನ್ನು ಸುಂಕದ ಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ.

ನನ್ನ ಸೋದರಳಿಯ ಕೊಲೋನ್ ನಗರದಲ್ಲಿ ಇಂಜಿನಿಯರನಾಗಿದ್ದಾನೆ. ಅವನಿಗೆ ಈ ದಾರಿಯಲ್ಲಿ ಒಂದು ಸುತ್ತು ಹೋಗಬೇಕೆಂಬುದು ಬಹುದಿನದ ಹಂಬಲ. ಅವನ ಕಾರು 2003ನೆಯ ವರ್ಷದ ಬಿ. ಎಂ. ಡಬ್ಲ್ಯು. ಎಂ3, ಸಾಲಾಗಿ ನಿಂತ ಆರು ಸಿಲಿಂಡರು, 343 ಕುದುರೆಯ ಬಲ. ಹಳೆಯದನ್ನು ಕೊಂಡು, ಹಿಂದುಗಡೆಯ ಸ್ಪ್ರಿಂಗು, ಷಾಕ್ ಅಬ್ಸಾರ್ಬರು, ಚಕ್ರವನ್ನು ಹಿಡಿದಿರುವ ತೋಳುಗಳು, ಅವುಗಳ ರಬ್ಬರು ಬುಷ್ಷುಗಳು, ಎಲ್ಲವನ್ನೂ ಬೇರೆ ತಯಾರಕರ ಬಿಗಿಯಾದ ಭಾಗಗಳಿಂದ ಬದಲಾಯಿಸಿದ್ದ. ಜೋಡಿಸಿದವರು ಊರಿನ ಒಂದು ಗ್ಯಾರೇಜಿನವರು. ಅಂದಿನಿಂದ ಸಣ್ಣ ಗುಂಡಿ ಹಾಯ್ದರೂ ಹಿಂದಿನಿಂದ ಧಡ್ ಎಂಬ ಸದ್ದು. ಟಯರುಗಳ ಒಳಅಂಚು ಮೂರೇ ತಿಂಗಳಲ್ಲಿ ಸವೆದಿತ್ತು. ಒಮ್ಮೆ ಮಳೆಯಲ್ಲಿ ಹೆದ್ದಾರಿಯ ತಿರುವಿನಲ್ಲಿ ಪೆಡಲಿನಿಂದ ಕಾಲು ತೆಗೆದಾಗ ಕಾರಿನ ಬಾಲ ತಾನಾಗಿ ಹೊರಕ್ಕೆ ಹೊರಳಿತಂತೆ. ಹಿಂದಿನ ಆಸನದಲ್ಲಿ ಎರಡು ವರ್ಷದ ಮಗುವಿತ್ತು. ಅವನ ಹೆಂಡತಿ ಇದನ್ನು ನನಗೆ ಗುಟ್ಟಾಗಿ ಹೇಳಿ, “ಮಾವ, ನೀವೂ ಜೊತೆಗೆ ಹೋಗಿ, ಕಾರು ಸರಿಯಾಗದ ಹೊರತು ಆ ದಾರಿಗೆ ಇಳಿಯಗೊಡಬೇಡಿ” ಎಂದಳು.

ಹೀಗೆ ನಾವಿಬ್ಬರೂ ಒಂದು ಮಂಗಳವಾರ ಆರ್ ಎಂಬ ಹೊಳೆಯ ಕಣಿವೆಯನ್ನು ಹಿಡಿದು ಹೊರಟೆವು. ದ್ರಾಕ್ಷಿಯ ತೋಟಗಳ ಚೆಲುವಾದ ಕಣಿವೆ. 2021ರ ಜುಲೈ 14ರ ರಾತ್ರಿ ಈ ಹೊಳೆ ಉಕ್ಕಿ ನೂರ ಮೂವತ್ತಕ್ಕೂ ಮೇಲ್ಪಟ್ಟು ಜನವನ್ನು ಕೊಂಡೊಯ್ಯಿತು. ಆಗ ಪಂದ್ಯದ ಕಣದ ಬಯಲೇ ಪರಿಹಾರದ ಕೆಲಸಗಾರರಿಗೂ ಸಾಮಗ್ರಿಗೂ ನೆಲೆಯಾಗಿತ್ತು.

ಬೆಟ್ಟದ ಬುಡದ ಆಡೆನೌ ಚಿಕ್ಕ ಪೇಟೆ. ಮರದ ಚೌಕಟ್ಟು ಹೊರಗೆ ಕಾಣುವ ಹಳೆಯ ಮನೆಗಳು. ಅಲ್ಲಿ ಒಂದು ಗ್ಯಾರೇಜು. ಅದರ ಯಜಮಾನರು ಎಪ್ಪತ್ತರ ಹತ್ತಿರದ ವೃದ್ಧರು. ಅಳಿಯ ತನ್ನ ಕಾರಿನ ಕಥೆಯನ್ನು ಆರಂಭಿಸುತ್ತಲೇ ಅವರು ಕೈಯೆತ್ತಿ ತಡೆದು, ಮೊದಲು ಒಂದು ಅಳತೆಯ ಪಟ್ಟಿಯನ್ನು ತಂದರು. ಚಕ್ರದ ನಡುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ಎರಡು ಕಡೆಯೂ ಅಳೆದರು. ಬಲಗಡೆ ಎಡಗಡೆಗಿಂತ ಹನ್ನೆರಡು ಮಿಲಿಮೀಟರು ಹೆಚ್ಚಿತ್ತು. ಆಮೇಲೆ ಡಿಕ್ಕಿಯನ್ನು ತೆರೆದು, ಒಳಗಿನ ಹೊದಿಕೆ ಸರಿಸಿ, ಷಾಕ್ ಅಬ್ಸಾರ್ಬರಿನ ತುದಿ ಕಾರಿನ ಒಡಲಿಗೆ ಸೇರುವ ಜಾಗದ ಮೇಲೆ ಅಂಗೈಯಿಟ್ಟುಕೊಂಡು, ಹಿಂಭಾಗವನ್ನು ಒತ್ತಿ ಬಿಡುವಂತೆ ನಮಗೆ ಹೇಳಿದರು. ನಾವು ಒತ್ತಿದೆವು. ಬಲಗಡೆ ಅವರ ಅಂಗೈಯ ಕೆಳಗೇ ಸದ್ದಾಯಿತು. ಅಲ್ಲಿಯ ನಟ್ಟು ಸಡಿಲವಾಗಿತ್ತು. ಅಳಿಯನ ಮೂರು ತಿಂಗಳ ನಿದ್ದೆಗೆಡಿಸಿದ ಸದ್ದು ಇಷ್ಟೇ.

ಉಳಿದುದು ಇಷ್ಟು ಸುಲಭವಾಗಿರಲಿಲ್ಲ. ಅದನ್ನು ತಿಳಿಯಬೇಕಾದರೆ ಒಂದೆರಡು ಮಾತು ಅಗತ್ಯ. ಸ್ಪ್ರಿಂಗು ಕಾರಿನ ಭಾರವನ್ನು ಹೊರುತ್ತದೆ. ಆದರೆ ಒಮ್ಮೆ ಕುಣಿಯತೊಡಗಿದರೆ ತಾನಾಗಿ ನಿಲ್ಲದು. ತೂಗುವ ತೊಟ್ಟಿಲನ್ನು ತಾಯಿ ಕೈಯೊಡ್ಡಿ ನಿಲ್ಲಿಸುವಂತೆ ಆ ಕುಣಿತವನ್ನು ನಿಲ್ಲಿಸುವುದು ಷಾಕ್ ಅಬ್ಸಾರ್ಬರು. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳಿ, ಚಲನೆಯ ಶಕ್ತಿಯನ್ನು ಶಾಖವಾಗಿ ಮಾಡುತ್ತದೆ. ಚಕ್ರವು ಯಾವ ದಿಕ್ಕಿಗೆ ನೋಡಬೇಕೆಂಬುದನ್ನು ನಿರ್ಣಯಿಸುವುದು ತೋಳುಗಳು. ಈ ಕಾರಿನಲ್ಲಿ ಒಂದೊಂದು ಹಿಂದಿನ ಚಕ್ರಕ್ಕೂ ಅಡ್ಡಲಾಗಿ ಎರಡು, ಉದ್ದಕ್ಕೆ ಒಂದು. ತೋಳಿನ ತುದಿಯ ಬುಷ್ಷೆಂದರೆ ಎರಡು ಕಬ್ಬಿಣದ ಕೊಳವೆಗಳ ನಡುವೆ ಅಂಟಿಸಿದ ರಬ್ಬರು. ಅದು ಉರುಳುವುದಿಲ್ಲ, ತಿರುಚಿಕೊಳ್ಳುತ್ತದೆ. ಬೋಲ್ಟನ್ನು ಬಿಗಿದಾಗ ಒಳಕೊಳವೆ ಎಲ್ಲಿದೆಯೋ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಕಾರನ್ನು ಮೇಲೆತ್ತಿ ಚಕ್ರಗಳು ಜೋತುಬಿದ್ದಿರುವಾಗ ಬಿಗಿದುಬಿಟ್ಟರೆ, ಕೆಳಗಿಳಿಸಿದ ಒಡನೆ ರಬ್ಬರು ಹಿಂಡಿದ ಒದ್ದೆ ಬಟ್ಟೆಯಂತೆ ತಿರುಚಿ, ಮುಂದೆಂದೂ ಆ ಹಿಂಡುವಿಕೆಯಿಂದ ಬಿಡುಗಡೆ ಹೊಂದದು. ಆಗ ಬುಷ್ಷೇ ಯಾರೂ ಬಯಸದ ಇನ್ನೊಂದು ಸ್ಪ್ರಿಂಗಾಗಿ ಕಾರನ್ನು ಮೇಲಕ್ಕೆ ತಳ್ಳುತ್ತದೆ. ಬೇಗ ಹರಿದೂ ಹೋಗುತ್ತದೆ. ಬಲಗಡೆಯ ಹನ್ನೆರಡು ಮಿಲಿಮೀಟರು ಬಂದುದು ಹೀಗೆ.

ಯಜಮಾನರು ಕಾರನ್ನು ಚಕ್ರಗಳ ಮೇಲೆಯೇ ನಿಲ್ಲುವ ಎತ್ತುಗದ ಮೇಲೇರಿಸಿ, ಅಡ್ಡ ತೋಳುಗಳ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದರು. ಮೂರನೆಯದನ್ನು ಸಡಿಲಿಸಿದಾಗ ಕಾರು ಸಣ್ಣಗೆ ನಿಟ್ಟುಸಿರಿಟ್ಟಂತೆ ಬಲಕ್ಕೆ ಇಳಿದುದನ್ನು ನಾನು ಕಣ್ಣಾರೆ ಕಂಡೆನು. ಉದ್ದ ತೋಳಿನ ಬುಷ್ಷಿಗೆ ಈ ಉಪಾಯ ಸಾಗದು. ಅದರ ಬೋಲ್ಟು ಒಡಲಿನ ಸಂದಿಯಲ್ಲಿ ಅಡಗಿದೆ. ಅದರ ಕಟ್ಟನ್ನೇ ಕೆಳಗಿಳಿಸಿ, ತಕ್ಕ ಕೋನದಲ್ಲಿ ಹಿಡಿದು, ಬಿಗಿದು, ಮತ್ತೆ ಮೇಲೆ ಕೂಡಿಸಬೇಕು. ಆ ಕೋನಕ್ಕಾಗಿ ಅವರಲ್ಲಿ ರಂಧ್ರ ಕೊರೆದ ಉಕ್ಕಿನ ಹಲಗೆಯೊಂದಿತ್ತು, ಬಳಸಿ ಬಳಸಿ ನುಣುಪಾದುದು. ನಮ್ಮ ಊರಿನ ಅಕ್ಕಸಾಲಿಗರ ಅಚ್ಚುಗಳು ನೆನಪಾದುವು.

ಮಧ್ಯಾಹ್ನದ ಮೇಲೆ ಚಕ್ರಗಳ ದಿಕ್ಕನ್ನು ಅಳೆಯುವ ಕೆಲಸ. ಇದಕ್ಕೆ ಕಾರು ಬರಿದಾಗಿರಕೂಡದೆಂದು ಕಾರು ಮಾಡಿದವರದೇ ನಿಯಮ: ಪೆಟ್ರೋಲು ತುಂಬಿರಬೇಕು, ಮುಂದಿನ ಆಸನಗಳಲ್ಲಿ 68 ಕಿಲೋ ಒಂದೊಂದರಲ್ಲಿ, ಹಿಂದೆ ನಡುವೆ 68, ಡಿಕ್ಕಿಯಲ್ಲಿ 21. ಮರಳಿನ ಚೀಲಗಳನ್ನು ಹೇರಿದರು. ಒಂದು ಆಸನಕ್ಕೆ ಸಾಲಲಿಲ್ಲ. ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಕೇಳಿದರು.

“ನಿಮ್ಮ ತೂಕವೆಷ್ಟು ಎನ್ನುತ್ತಿದ್ದಾರೆ, ಮಾವ.”

“ಅರವತ್ತಾರು ಎಂದು ಹೇಳಪ್ಪ.”

ಅವರು ನನ್ನನ್ನು ಕೂಡಿಸಿ, ನಟ್ಟುಗಳ ಡಬ್ಬಿಯೊಂದನ್ನು ತೂಗಿ ತೊಡೆಯ ಮೇಲಿಟ್ಟರು. ಮುಕ್ಕಾಲು ಗಂಟೆ ಅಲುಗದೆ ಕುಳಿತಿದ್ದೆನು. ಪರದೇಶದಲ್ಲಿ ನನ್ನಿಂದ ಇಷ್ಟು ಖಚಿತವಾದ ಉಪಯೋಗ ಬೇರೆ ಆದುದಿಲ್ಲ.

ಹಿಂದಿನ ಚಕ್ರಗಳ ಮೂತಿ ಕೂದಲೆಳೆಯಷ್ಟು ಒಳಮುಖವಾಗಿರಬೇಕು. ಎಡಗಡೆಯದು ಹೊರಮುಖವಾಗಿತ್ತು. ಮಳೆಯ ದಿನ ಬಾಲ ಹೊರಳಿದುದಕ್ಕೂ ಟಯರಿನ ಒಳಅಂಚು ತಿಂದುಹೋದುದಕ್ಕೂ ಅದೇ ಕಾರಣವೆಂದು ಯಜಮಾನರ ತೀರ್ಮಾನ. ಮೊದಲು ಎತ್ತರ, ಆಮೇಲೆ ಚಕ್ರದ ವಾಲು, ಕೊನೆಗೆ ದಿಕ್ಕು. ಈ ಕ್ರಮ ತಪ್ಪಿದರೆ ಒಂದನ್ನು ತಿದ್ದುವಾಗ ಇನ್ನೊಂದು ಕೆಡುತ್ತದೆ. ಸಂಜೆಯ ಹೊತ್ತಿಗೆ ಎಲ್ಲವೂ ಮುಗಿಯಿತು. ಅಳಿಯ ಒಡನೆಯೇ ಮೇಲಿನ ದಾರಿಯ ಕಡೆ ನೋಡಿದ. ವೃದ್ಧರು ತಲೆಯಾಡಿಸಿ, ಇಂದು ಹಳ್ಳಿಯ ರಸ್ತೆಗಳಲ್ಲಿ ಐವತ್ತು ಕಿಲೋಮೀಟರು ಹೋಗಿ ಬನ್ನಿ, ನಾಳೆ ಮತ್ತೆ ಬೋಲ್ಟುಗಳನ್ನು ನೋಡೋಣ ಎಂದರು. ಬೇಸಗೆಯ ಸಂಜೆ, ದಾರಿ ತೆರೆದಿತ್ತು. ಹುಡುಗನ ಮುಖ ಬಾಡಿತು. ಆದರೂ ಹೋಗಲಿಲ್ಲ.

ಮಾರನೆಯ ದಿನ ಗ್ಯಾರೇಜಿಗೆ ಪರೀಕ್ಷಕರೊಬ್ಬರು ಬಂದರು. ಜರ್ಮನಿಯಲ್ಲಿ ಕಾರಿಗೆ ಹೊರಗಿನ ಸ್ಪ್ರಿಂಗನ್ನೋ ತೋಳನ್ನೋ ಹಾಕಿದರೆ ಅದರ ಯೋಗ್ಯತಾಪತ್ರ ಬೇಕು. ಸಾಮಾನ್ಯವಾಗಿ ಪರೀಕ್ಷಕರು ಜೋಡಣೆಯನ್ನು ನೋಡಿ ಒಪ್ಪಬೇಕು, ಅದು ಕಾರಿನ ಕಾಗದಗಳಿಗೂ ಏರಬೇಕು. ಇಲ್ಲವಾದರೆ ರಸ್ತೆಯ ಮೇಲೆ ಓಡಿಸುವ ಅನುಮತಿಯೇ ರದ್ದಾಗಬಹುದು. ಈ ಪರೀಕ್ಷೆಗೆ ಹೆಸರಾದ ಟ್ಯೂಫ್ ಸಂಸ್ಥೆಗಳ ಹುಟ್ಟು ಮೋಟಾರಿಗಿಂತ ಹಳೆಯದು. 1865ರಲ್ಲಿ ಮಾನ್‌ಹೈಮ್ ನಗರದ ಒಂದು ಮದ್ಯದ ಕಾರ್ಖಾನೆಯಲ್ಲಿ ಉಗಿಯ ಹಂಡೆ ಸಿಡಿಯಿತು. ಮರುವರ್ಷ ಹಂಡೆಗಳ ಮಾಲಿಕರು ತಾವೇ ಕೂಡಿ ತಪಾಸಣೆಗೆ ಸಂಘ ಕಟ್ಟಿಕೊಂಡರು. ಉಗಿಹಂಡೆಯನ್ನು ನೋಡಿದ ಕಣ್ಣು ಕ್ರಮೇಣ ಮೋಟಾರಿನ ಕಡೆಗೂ ತಿರುಗಿತು. ನಮ್ಮಲ್ಲಿ ಕೆಲವರಿಗೆ ಇಷ್ಟೊಂದು ಕಾಗದ ಕಿರುಕುಳವಾಗಿ ತೋರಬಹುದು. ಹಿಂದಿನ ಆಸನದ ಮಗುವನ್ನು ನೆನೆದು ನಾನು ಹಾಗೆ ಹೇಳಲಾರೆ.

ಪರೀಕ್ಷಕರು ಒಪ್ಪಿ ರುಜು ಮಾಡಿದರು. ವೃದ್ಧರು ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ, ಒಂದೊಂದರ ಮೇಲೂ ಹಳದಿ ಬಣ್ಣದ ಗೆರೆಯೆಳೆದರು. ಬೋಲ್ಟು ತಿರುಗಿದರೆ ಗೆರೆ ಮುರಿದು ತೋರಿಸುತ್ತದೆ.

ಸಂಜೆ ಅಳಿಯ ಒಬ್ಬನೇ ಹೊರಟ. ನಾನು ಬ್ರುನ್‌ಷೆನ್ ಎಂಬ ತಿರುವಿನ ಮೇಲಣ ಹುಲ್ಲಿನ ಇಳಿಜಾರಿನಲ್ಲಿ, ಬುತ್ತಿ ಬಿಚ್ಚಿಕೊಂಡು ಕುಳಿತಿದ್ದ ಜನರ ನಡುವೆ ನಿಂತೆನು. ಎಷ್ಟೋ ಕಾರುಗಳು ಬಂದು ಹೋದುವು. ಕೊನೆಗೆ ಬೆಳ್ಳಿಯ ಬಣ್ಣದ ನಮ್ಮ ಕಾರು ಮರಗಳ ಮರೆಯಿಂದ ಇಳಿದು ಬಂತು. ವೇಗವೇನೂ ಹೆಚ್ಚಿರಲಿಲ್ಲ, ಹಿಂದಿನಿಂದ ಬಂದವರಿಗೆ ಬಲಕ್ಕೆ ಸರಿದು ದಾರಿ ಬಿಡುತ್ತಿದ್ದ. ತಿರುವಿನ ತಗ್ಗಿನಲ್ಲಿ ಕಾರಿನ ಹಿಂಭಾಗ ಒಮ್ಮೆ ಕುಸಿದು, ಒಮ್ಮೆ ಮಾತ್ರ ಎದ್ದು, ನೆಲವನ್ನು ಕಚ್ಚಿಕೊಂಡು ಏರಿಹೋಯಿತು.

ನಾನು ನಿಲ್ದಾಣ ಸೇರುವಷ್ಟರಲ್ಲಿ ಅವನು ಕಾರಿನ ಹಿಂದೆ ಮಂಡಿಯೂರಿ, ಕೈದೀಪ ಹಿಡಿದು ಹಳದಿ ಗೆರೆಗಳನ್ನು ನೋಡುತ್ತಿದ್ದ.

“ಒಂದೂ ಮುರಿದಿಲ್ಲ, ಮಾವ. ಅವಳಿಗೆ ಫೋನು ಮಾಡಿಬಿಡಿ.”