ಸೂಜಿಯ ಗಳಿಕೆ

ಧಾರವಾಡದ ಸೀಮೆಯ ಹಳೆಯ ಮನೆಗಳಲ್ಲಿ ಕಸೂತಿಯನ್ನು ಅರಿಯದವರು ವಿರಳ. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಂಡು ಹೊಲಿಯುವ ಕೆಲಸ ಅದಲ್ಲ. ನೆಯ್ಗೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿಯನ್ನು ಹಾಯಿಸಬೇಕು. ಒಂದೆಳೆ ತಪ್ಪಿದರೆ ಗೋಪುರವು ಓರೆಯಾಗುವುದು, ಆನೆಯ ಅಂಬಾರಿಯು ಜಾರುವುದು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಎಂಬ ಹೊಲಿಗೆಗಳಲ್ಲಿ ಸೂಜಿಯು ಹೋದ ದಾರಿಯಲ್ಲಿಯೇ ಹಿಂದಿರುಗಿ ಬಿಟ್ಟ ಎಡೆಗಳನ್ನು ತುಂಬುವುದರಿಂದ ಬಟ್ಟೆಯ ಎರಡು ಮಗ್ಗುಲೂ ಒಂದೇ ಬಗೆಯಾಗಿ ಕಾಣುವುವು. ನೇಯ್ಗಿಯು ಮಗ್ಗದಲ್ಲಿ ನೆಯ್ದಂತೆ ತೋರುವುದು; ಮೆಂತೆಯು ಅಡ್ಡಹೊಲಿಗೆಯಾದುದರಿಂದ ಹೆಚ್ಚು ದಾರವನ್ನು ಬೇಡುವುದು. ಇಳಕಲ್ಲಿನ ಸೀರೆಯ ಸೆರಗನ್ನು ತೇರು, ನವಿಲು, ತುಲಸೀವೃಂದಾವನಗಳಿಂದ ತುಂಬುವಷ್ಟರಲ್ಲಿ ಹಲವು ದಿನಗಳು ಸಂದುಹೋಗುವುವು.

ಈ ವಿದ್ಯೆಗೆ ಮನೆಯಲ್ಲಿ ಮನ್ನಣೆಯಿತ್ತು, ಬೆಲೆಯಿರಲಿಲ್ಲ. ಮಗಳ ಮದುವೆಗೆಂದು ತಾಯಿ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ತೆಗೆದಳು. ಬಂದವರು ಸೆರಗನ್ನು ಮುಟ್ಟಿ ನೋಡಿ ಕೈಗುಣವನ್ನು ಕೊಂಡಾಡಿದರು. ಕೊಂಡಾಟವು ಕಷ್ಟಕಾಲಕ್ಕೆ ಒದಗುವುದಿಲ್ಲ. ಗಂಡನನ್ನು ಕಳೆದುಕೊಂಡವಳು ಅದೇ ಸೂಜಿಯನ್ನು ಹೊಟ್ಟೆಯ ಪಾಡಿಗಾಗಿ ಹಿಡಿದಾಗ, “ನಮ್ಮ ಮನೆತನದವರು ಕೂಲಿಗೆ ಹೊಲಿಯಬೇಕೇ?” ಎಂದು ಕೇಳಿದವರೂ ಆ ನೆಂಟರೇ.

ಈ ತಾತ್ಸಾರದ ಬೇರು ಆಳವಾದುದು. ತೌರಿನವರು ಪ್ರೀತಿಯಿಂದ ಕೊಟ್ಟ ಒಡವೆಯನ್ನು ಸ್ತ್ರೀಧನವೆಂದು ಒಪ್ಪಿದ ಕಾತ್ಯಾಯನ ಸ್ಮೃತಿಯು, ಅವಳು ಶಿಲ್ಪದಿಂದ, ಎಂದರೆ ಕೈಗೆಲಸದಿಂದ, ಗಳಿಸಿದ ಹಣದ ಮೇಲೆ ಗಂಡನಿಗೆ ಸ್ವಾಮ್ಯವನ್ನು ಹೇಳುತ್ತದೆ. ತಾನು ಬೇಡದೆ ಬಂದ ಬಳೆ ಅವಳದು. ಕಣ್ಣು ಸವೆಸಿ ಗಳಿಸಿದ ರೂಪಾಯಿ ಅವಳದಲ್ಲ! ಮದುವೆಯಾದ ಸ್ತ್ರೀಯ ಗಳಿಕೆಯು ಅವಳ ಸ್ವಂತ ಸೊತ್ತೆಂದು 1874ರ ಕಾಯಿದೆಯು ಸಾರಿತಾದರೂ, ಅದು ಹಿಂದೂ, ಮುಸಲ್ಮಾನ, ಬೌದ್ಧ, ಸಿಖ್, ಜೈನ ಸ್ತ್ರೀಯರನ್ನು ಹೊರಗಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನಲ್ಲಿ, ಹಿಂದೂ ಸ್ತ್ರೀಯು ತನ್ನ ಕೌಶಲದಿಂದಲೋ ಪರಿಶ್ರಮದಿಂದಲೋ ಸಂಪಾದಿಸಿದ ಸೊತ್ತಿಗೆ ಅವಳೇ ಪೂರ್ಣ ಒಡತಿಯೆಂಬ ಮಾತು ಸ್ಪಷ್ಟವಾಗಿ ಬಂದಿತು.

ಆದರೆ ಕಾಯಿದೆಯು ಅಡಿಗೆಮನೆಯ ಬಾಗಿಲವರೆಗೆ ಬಂದೀತು. ಹಣವು ಯಾರ ಕೈಗೆ ಬೀಳುವುದೆಂಬುದನ್ನು ಅದು ನಿಂತು ನೋಡಲಾರದು. ಮನೆಯಲ್ಲಿ ಕುಳಿತು ಹೊಲಿಯುವವಳಿಗೆ ಬಟ್ಟೆ, ದಾರಗಳನ್ನು ತಂದುಕೊಡುವವನು ದಲಾಲಿ. ಬೆಲೆಯನ್ನು ಕಟ್ಟುವವನೂ ಅವನೇ. ಒಂದು ಸೆರಗಿಗೆ ಇಂತಿಷ್ಟೆಂದು ಎಣಿಸುವನಲ್ಲದೆ, ಅದಕ್ಕೆ ಹಿಡಿದ ಹೊತ್ತನ್ನು ಅವನು ಎಣಿಸುವುದಿಲ್ಲ. ಎಳೆಗಳನ್ನು ಎಣಿಸಬಲ್ಲವಳು ತನ್ನ ಹೊತ್ತನ್ನೂ ಎಣಿಸಲು ಕಲಿತ ದಿನವೇ ಅವಳ ಸ್ವಾತಂತ್ರ್ಯದ ಮೊದಲ ದಿನ. ಅಷ್ಟಾದರೂ ಸಾಲದು, ದೊರೆತ ಹಣವನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳಲು ಒಂದು ಸ್ಥಳವೂ ಬೇಕು.

ಈ ಎರಡನೆಯ ಕೊರತೆಯನ್ನು ಗುಜರಾತಿನ ದುಡಿಯುವ ಹೆಂಗಸರು ತಾವೇ ನೀಗಿಸಿಕೊಂಡರು. ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘದ 4,000 ಮಂದಿ, ತಲೆಗೆ 10 ರೂಪಾಯಿಯಂತೆ ಪಾಲು ಹಾಕಿ, 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಅವರಲ್ಲಿ ರುಜು ಮಾಡಲು ಬಾರದವರು ಅನೇಕರು. ಭಾವಚಿತ್ರವೇ ಅಂಥವರ ಗುರುತಾಯಿತು. ಹತ್ತು ರೂಪಾಯಿಯ ಪಾಲು ಸಣ್ಣದು. ಆದರೆ ಆ ಹಣವನ್ನು ಗಂಡನ ಅಪ್ಪಣೆಯಿಲ್ಲದೆ ಇಡಬಹುದು, ಮಗನ ಮೋರೆ ನೋಡದೆ ತೆಗೆಯಬಹುದು ಎಂಬುದು ಸಣ್ಣದಲ್ಲ.

ಕಸೂತಿಯು ಈ ಹೊತ್ತು ಭೌಗೋಳಿಕ ಗುರುತನ್ನು ಪಡೆದ ಕಲೆ. ಆ ಗುರುತು ಕಲೆಯ ಹೆಸರನ್ನು ಕಾಯುವುದು; ಹೊಲಿದವಳ ಕೂಲಿಯನ್ನು ಕಾಯಬೇಕಾದವರು ಕೊಳ್ಳುವವರು. ಸುಶಿಕ್ಷಿತರ ಮನೆಗಳಲ್ಲಿ ಕಸೂತಿಯ ಸೆರಗನ್ನು ಬಿಡಿಸಿ ನೋಡುವಾಗ ಬಣ್ಣವನ್ನು ವಿಚಾರಿಸುವಂತೆಯೇ, ಇದನ್ನು ಹೊಲಿಯಲು ಎಷ್ಟು ದಿನ ಹಿಡಿಯಿತು, ಹೊಲಿದವಳಿಗೆ ಸಂದುದೆಷ್ಟು ಎಂದು ವಿಚಾರಿಸುವ ರೂಢಿಯೂ ಬೆಳೆಯಲಿ. ಕೇಳುವವರು ಹೆಚ್ಚಿದಂತೆ ಉತ್ತರ ಕೊಡಬೇಕಾದವರೂ ಎಚ್ಚರಗೊಳ್ಳುವರು.